ಹಳೇ ಕಾಲದ ಅಕ್ಷರ ಬೇಕು, ಆದರೆ ಯಾವುದು? ಬೋರ್ಡಿಗೂ ಲೇಬಲ್ಲಿಗೂ ಒಂದು ಹೋಲಿಕೆ

"ಸ್ವಲ್ಪ ಹಳೇ ಕಾಲದ ಲುಕ್ ಬರಬೇಕು" ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಕಾರವಾರದಲ್ಲಿ ಮೀನೂಟದ ಹೋಟೆಲ್ ಹಾಕುವವರು, ಗೋಕರ್ಣದ ಹತ್ತಿರ ಹೋಮ್‌ಸ್ಟೇ ಮಾಡಿದವರು, ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡಿಸುವವರು, ಎಲ್ಲರದ್ದೂ ಅದೇ ಬೇಡಿಕೆ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಹೆಚ್ಚಿನ ಸಲ ಅದು ಯಾವುದೋ ಇಂಗ್ಲಿಷ್ ಬೋರ್ಡು. ದಪ್ಪ ಅಕ್ಷರ, ಒಳಗೊಂದು ಬಿಳಿ ಗೆರೆ, ಹಿಂದೆ ನೆರಳು, ಸುತ್ತ ಬಳ್ಳಿ. "ಇದೇ ಥರ ಕನ್ನಡದಲ್ಲಿ" ಅನ್ನುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಪುಕ್ಕಟೆ ಸಿಗುವ ಫಾಂಟ್ ಸಾಕೇ? ಪೇಂಟರ್ ಕರೆಸಬೇಕೇ? ಡಿಸೈನರ್ ಹತ್ತಿರ ಹೊಸದಾಗಿ ಬರೆಸಬೇಕೇ? ಅಥವಾ ಇಂಗ್ಲಿಷಿಗೆ ಅಲಂಕಾರ ಮಾಡಿ ಕನ್ನಡವನ್ನು ಸಾದಾ ಬಿಟ್ಟರೆ ಸಾಕೇ?

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆ ಇದೇ ಕೆಲಸ ಮಾಡುವವನು. ನನ್ನ ಒಲವು ಯಾವ ಕಡೆ ಎನ್ನುವುದು ಓದುತ್ತಾ ಹೋದರೆ ಗೊತ್ತಾಗುತ್ತದೆ. ಆದರೆ ಎಲ್ಲರಿಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ಮೊದಲು ಯಾವುದನ್ನು ನೋಡಿ ಆರಿಸಬೇಕು ಎಂದು ಹೇಳಿಬಿಡುತ್ತೇನೆ.

ಮೊದಲು ನೋಡಬೇಕಾದದ್ದು

ಎಷ್ಟು ದೂರದಿಂದ ಓದಬೇಕು ಎನ್ನುವುದು ಮೊದಲ ಪ್ರಶ್ನೆ. ಬೋರ್ಡು ಮಾಡುವವರಲ್ಲಿ ಒಂದು ಅಂದಾಜು ಲೆಕ್ಕ ಇದೆ: ಆರಾಮಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಶಿರಸಿಯ ಸಿ.ಪಿ. ಬಜಾರಿನಲ್ಲೋ ಕಾರವಾರದ ಗ್ರೀನ್ ಸ್ಟ್ರೀಟಿನಲ್ಲೋ ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ 30 ಅಡಿ ಅಂದುಕೊಳ್ಳಿ, 3 ಇಂಚಿನ ಅಕ್ಷರ ಸಾಕು. ಹೆದ್ದಾರಿ 66ರ ಬದಿಗೆ ಲೆಕ್ಕವೇ ಬೇರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು 3 ಸೆಕೆಂಡಿನಲ್ಲಿ 50 ಮೀಟರ್ ದಾಟುತ್ತದೆ. ಅಂದರೆ ಸುಮಾರು 165 ಅಡಿ. ಅಷ್ಟು ದೂರದಿಂದಲೇ ಓದಿ, ಬ್ರೇಕ್ ಹಾಕಿ, ಒಳಗೆ ತಿರುಗಬೇಕು ಅಂದರೆ 16 ಇಂಚಿನ ಅಕ್ಷರ ಬೇಕು. ಈ ಎತ್ತರ ಮೂಲ ಅಕ್ಷರದ್ದು. ಒತ್ತಕ್ಷರದ ಜಾಗವನ್ನು ಬೇರೆ ಸೇರಿಸಿಕೊಳ್ಳಿ. ಅಲಂಕಾರ ಹೆಚ್ಚಾದಷ್ಟೂ ಓದುವ ದೂರ ಕಮ್ಮಿಯಾಗುತ್ತದೆ.

ಎರಡನೆಯದು ಹೆಸರು. ಹೆಸರಿನಲ್ಲಿ ಯಾವ ಯಾವ ಅಕ್ಷರ ಇವೆ ಎಂದು ನೋಡದೆ ಫಾಂಟ್ ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಮೂರನೆಯದು, ಅಕ್ಷರ ಎಲ್ಲೆಲ್ಲಿ ಬರಬೇಕು. ಒಂದೇ ಬೋರ್ಡಿನ ಮೇಲೋ, ಅಥವಾ ಬೋರ್ಡು, ಮೆನು, ಬಿಲ್ಲು, ಚೀಲ, ಇನ್‌ಸ್ಟಾಗ್ರಾಂ ಎಲ್ಲ ಕಡೆಯೋ? ನಾಲ್ಕನೆಯದು ಮಳೆ. ಘಟ್ಟದ ಕೆಳಗೆ ಉಪ್ಪುಗಾಳಿ, ಘಟ್ಟದ ಮೇಲೆ ಹಾವಸೆ. ಬೇರೆ ಊರಿನಲ್ಲಿ ಐದು ವರ್ಷ ಬರುವ ಬೋರ್ಡು ನಮ್ಮಲ್ಲಿ ಅಷ್ಟು ವರ್ಷ ಬರುತ್ತದೆ ಎಂದು ಇಟ್ಟುಕೊಳ್ಳಬೇಡಿ.

ಐದನೆಯದು ದುಡ್ಡು. ಮಾಡಿಸುವ ಖರ್ಚಿನ ಜೊತೆ ರಿಪೇರಿ ಖರ್ಚನ್ನೂ ಸೇರಿಸಿ ನೋಡಿ. ಕಾನೂನಿನ ಮಾತೂ ಒಂದಿದೆ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿಯ ಪ್ರಕಾರ ಅಂಗಡಿ, ಹೋಟೆಲ್ ಮುಂತಾದವುಗಳ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಆದ್ದರಿಂದ ಕನ್ನಡ ಅಕ್ಷರ ಹೇಗೆ ಕಾಣುತ್ತದೆ ಎನ್ನುವುದನ್ನೇ ಮೊದಲು ಯೋಚಿಸುವುದು ಒಳ್ಳೆಯದು. ಇಂಗ್ಲಿಷ್ ಮುಗಿಸಿ, ಉಳಿದ ಜಾಗದಲ್ಲಿ ಕನ್ನಡ ತುರುಕುವ ಅಭ್ಯಾಸ ಇನ್ನು ನಡೆಯುವುದಿಲ್ಲ.

ಇಂಗ್ಲಿಷಿನ ಅಲಂಕಾರ ಕನ್ನಡಕ್ಕೆ ಯಾಕೆ ಹಾಗೇ ಕೂರುವುದಿಲ್ಲ

ಇಂಗ್ಲಿಷಿನ ಹಳೇ ಅಲಂಕಾರದ ಅಕ್ಷರಗಳು ಪೋಸ್ಟರಿನಿಂದ ಬಂದವು. ಅಮೆರಿಕದ ಡೇರಿಯಸ್ ವೆಲ್ಸ್ 1828ರಲ್ಲಿ ಮರದ ಅಚ್ಚಕ್ಷರಗಳ ಕ್ಯಾಟಲಾಗ್ ಹೊರತಂದ. ಸೀಸದಲ್ಲಿ ಎರಕ ಹೊಯ್ಯಲು ಕಷ್ಟವಾದ ದೊಡ್ಡ ಅಕ್ಷರ ಮರದಲ್ಲಿ ಅಗ್ಗವಾಗಿ ಸಿಕ್ಕಿತು. ಸರ್ಕಸ್ಸು, ನಾಟಕ, ಹರಾಜು, ಎಲ್ಲದರ ಪೋಸ್ಟರಿಗೂ ದಪ್ಪ ದಪ್ಪ ಅಕ್ಷರ ಬಂತು. ಅವುಗಳಲ್ಲಿ ಹೆಚ್ಚಿನವು ಕ್ಯಾಪಿಟಲ್ ಅಕ್ಷರಗಳು. ಎಲ್ಲವೂ ಒಂದೇ ಎತ್ತರ, ಮೇಲೆ ಕೆಳಗೆ ನೇರ. ಇಟ್ಟಿಗೆ ಜೋಡಿಸಿದಂತಹ ಸಾಲಿಗೆ ನೆರಳು ಹಾಕುವುದು, ಕಮಾನಿನ ಹಾಗೆ ಬಗ್ಗಿಸುವುದು, ಅಕ್ಷರ ಬಿಡಿಸಿ ಬಿಡಿಸಿ ಇಡುವುದು, ಎಲ್ಲ ಸುಲಭ.

ಕನ್ನಡದ ಸಾಲು ಹಾಗಿಲ್ಲ. ತಲೆಕಟ್ಟು ಮೇಲೆ, ಗುಡಿಸು ಇನ್ನೂ ಮೇಲೆ, ಒತ್ತು ಕೆಳಗೆ, ದೀರ್ಘ ಪಕ್ಕಕ್ಕೆ. 'ಕಾರವಾರ' ಎನ್ನುವ ಹೆಸರನ್ನೇ ನೋಡಿ. ಒಂದೂ ಒತ್ತಿಲ್ಲ. ಉರುಟು ಉರುಟಾದ ನಾಲ್ಕು ಅಕ್ಷರ, ಎರಡು 'ರ' ಸರಿಯಾಗಿ ಜೋಡಿಯಾಗಿ ಕೂತಿವೆ. ಯಾವ ಅಲಂಕಾರ ಮಾಡಿದರೂ ನಡೆಯುತ್ತದೆ. 'ಕುಮಟಾ', 'ಅಂಕೋಲಾ', 'ಶಿರಸಿ' ಕೂಡ ಹಾಗೆಯೇ. ಈಗ 'ಭಟ್ಕಳ' ತೆಗೆದುಕೊಳ್ಳಿ. 'ಟ'ದ ಕೆಳಗೆ 'ಕ'ದ ಒತ್ತು. ಕೆಳಗೆ ಜಾಗ ಬಿಡದಿದ್ದರೆ ಎರಡನೇ ಸಾಲಿಗೆ ತಾಗುತ್ತದೆ. ಬಿಟ್ಟರೆ ಬೋರ್ಡಿನ ಕೆಳಭಾಗ ಖಾಲಿ ಖಾಲಿ. 'ಅನ್ನಪೂರ್ಣೇಶ್ವರಿ' ಅಂದರೆ ಮುಗಿಯಿತು. ಒಂದೇ ಹೆಸರಿನಲ್ಲಿ ಎರಡು ಒತ್ತು, ಒಂದು ಅರ್ಕಾವತ್ತು, ಎರಡು ಕಡೆ ದೀರ್ಘ.

ಇಂತಹ ಹೆಸರನ್ನು ಕಮಾನಿನ ಹಾಗೆ ಬಗ್ಗಿಸಿದರೆ ಅಕ್ಷರಗಳ ಬುಡ ಒತ್ತಾಗುತ್ತದೆ, ತಲೆ ಅಗಲವಾಗುತ್ತದೆ. ಒತ್ತಕ್ಷರಗಳೆಲ್ಲ ಬುಡದಲ್ಲೇ ಇರುವುದರಿಂದ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಕಮಾನು ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವುದು: ಹೆಸರು ನೇರ ಇರಲಿ, ಮೇಲೆ 'ಶ್ರೀ' ಅಥವಾ ಊರಿನ ಹೆಸರು ಚಿಕ್ಕದಾಗಿ ಕಮಾನಿನಲ್ಲಿ ಬರಲಿ.

ಇನ್ನೊಂದು ಅಪಾಯ ಮಹಾಪ್ರಾಣದ್ದು. 'ದ'ಕ್ಕೂ 'ಧ'ಕ್ಕೂ, 'ಬ'ಕ್ಕೂ 'ಭ'ಕ್ಕೂ ನಡುವೆ ಇರುವುದು ಬುಡದ ಒಂದು ಸಣ್ಣ ಸೀಳು. ಒಳಗೆ ಬಿಳಿ ಗೆರೆ ಎಳೆದು, ಹೊರಗೆ ಔಟ್‌ಲೈನ್ ಕೊಟ್ಟು, ಹಿಂದೆ ಶೇಡು ಹಾಕಿದರೆ ಆ ಸೀಳು ಮುಚ್ಚಿಹೋಗುತ್ತದೆ. 'ಧನಲಕ್ಷ್ಮಿ ಸ್ಟೋರ್ಸ್' ದೂರದಿಂದ 'ದನಲಕ್ಷ್ಮಿ' ಆಗುತ್ತದೆ. 'ಪ', 'ಷ', 'ಫ' ಕಥೆಯೂ ಇದೇ. 'ರ'ದ ಹೊಟ್ಟೆಯೊಳಗೆ ಚಂದಕ್ಕೆಂದು ಒಂದು ಚುಕ್ಕೆ ಇಟ್ಟರೆ ಅದು 'ಠ' ಆಗಿಬಿಡುತ್ತದೆ. ನಿಮ್ಮ ಹೆಸರಿನಲ್ಲಿ ಈ ಅಕ್ಷರಗಳಿದ್ದರೆ ಅಲಂಕಾರ ಒಂದು ಹಂತಕ್ಕೆ ನಿಲ್ಲಲಿ. ಶೇಡು ಸಾಕು, ಅಥವಾ ಒಳಗೆರೆ ಸಾಕು. ಎರಡೂ ಬೇಡ.

ಪುಕ್ಕಟೆ ಸಿಗುವ ಕನ್ನಡ ಫಾಂಟ್

ಈಗ ಒಂದೊಂದೇ ಆಯ್ಕೆ ನೋಡೋಣ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಒಂದಷ್ಟು ಒಳ್ಳೆಯ ಫಾಂಟ್‌ಗಳಿವೆ. ಅವುಗಳ ಲೈಸೆನ್ಸ್ ಸಡಿಲ. ಅಂಗಡಿ ಬೋರ್ಡಿಗೆ, ಲೇಬಲ್ಲಿಗೆ, ವ್ಯಾಪಾರಕ್ಕೆ ಬಳಸಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಫಾಂಟ್ ಫೈಲನ್ನೇ ಮಾರುವ ಹಾಗಿಲ್ಲ, ಅಷ್ಟೇ.

ನಿಜವಾದ ಹಳೇ ಕಾಲದ ಅಲಂಕಾರದ ಫಾಂಟ್ ಇವುಗಳಲ್ಲಿ ಕಮ್ಮಿ. ಇರುವುದರಲ್ಲಿ ಹತ್ತಿರದ್ದನ್ನು ಆರಿಸಬೇಕು. 'ಬಾಲೂ ತಮ್ಮ' ಎನ್ನುವ ಫಾಂಟ್ ದಪ್ಪ, ಮೂಲೆ ಎಲ್ಲ ಉರುಟು. ಲಾರಿ ಹಿಂದಿನ ಬರಹದ ಗುಣ ಸ್ವಲ್ಪ ಇದೆ. ಟೀ ಅಂಗಡಿ, ಜ್ಯೂಸ್ ಸೆಂಟರ್, ಮಕ್ಕಳ ಬಟ್ಟೆ ಅಂಗಡಿಗೆ ಚೆನ್ನಾಗಿ ಒಪ್ಪುತ್ತದೆ. ಟಿರೋ ಕನ್ನಡ ಇದರ ಉಲ್ಟಾ. ಹಳೇ ಪುಸ್ತಕದ ಅಚ್ಚಿನ ಗಾಂಭೀರ್ಯ ಅದರಲ್ಲಿದೆ. ಉಪ್ಪಿನಕಾಯಿ ಲೇಬಲ್, ಮದುವೆ ಕಾಗದ, ಯಕ್ಷಗಾನದ ಕರಪತ್ರ ಇಂತಹದ್ದಕ್ಕೆ ನಾನು ಮೊದಲು ಅದನ್ನೇ ಹಾಕಿ ನೋಡುತ್ತೇನೆ. ಅನೇಕ್ ಕನ್ನಡ ಅಲಂಕಾರದ ಫಾಂಟ್ ಅಲ್ಲ, ಆದರೆ ಅಗಲ, ದಪ್ಪ ಎರಡನ್ನೂ ಬೇಕಾದ ಹಾಗೆ ಹೊಂದಿಸಬಹುದು. ಬೋರ್ಡಿನ ಉದ್ದಕ್ಕೆ ಸರಿಯಾಗಿ ಹೆಸರು ಕೂರಿಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಸ್ವಲ್ಪ ವಿಚಿತ್ರವಾದ, ಕೈಯಲ್ಲಿ ಬರೆದ ಹಾಗೆ ಕಾಣುವುದು ಬೇಕಾದರೆ ಅಕಾಯ ಕನಡಕ ಇದೆ.

ಲಾಭ ಕಣ್ಣಿಗೆ ಕಾಣುವಂಥದ್ದು. ಖರ್ಚಿಲ್ಲ, ಇವತ್ತೇ ಕೆಲಸ ಆಗುತ್ತದೆ, ಬೋರ್ಡು, ಮೆನು, ಮೊಬೈಲು ಎಲ್ಲ ಕಡೆ ಒಂದೇ ಅಕ್ಷರ. ಕೊರತೆ ಎಂದರೆ ಪಕ್ಕದ ಅಂಗಡಿಯವರಿಗೂ ಅದೇ ಫಾಂಟ್ ಪುಕ್ಕಟೆ ಸಿಗುತ್ತದೆ. ಬಾಲೂ ಅಂತೂ ಈಗ ಎಲ್ಲಿ ನೋಡಿದರೂ ಇದೆ. ಸುಮ್ನೆ ಟೈಪ್ ಮಾಡಿ ಶೇಡು ಹಾಕಿದರೆ ಹಳೇ ಕಾಲದ್ದು ಅನ್ನಿಸುವುದಿಲ್ಲ, ಕಂಪ್ಯೂಟರಿನದ್ದು ಅನ್ನಿಸುತ್ತದೆ.

ಅದಕ್ಕೊಂದು ದಾರಿ ಇದೆ. ಹೆಸರನ್ನು ಟೈಪ್ ಮಾಡಿ, ಕರ್ವ್ಸ್‌ಗೆ, ಅಂದರೆ ತಿದ್ದಲು ಬರುವ ಚಿತ್ರದ ಗೆರೆಗಳಿಗೆ, ಬದಲಾಯಿಸಿ. ಮೇಲೆ ಮೇಲೆ ಬಿದ್ದಿರುವ ತುಂಡುಗಳನ್ನು ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಇಲ್ಲದಿದ್ದರೆ ಔಟ್‌ಲೈನ್ ಕೊಟ್ಟಾಗ ಅಕ್ಷರದ ಹೊಟ್ಟೆಯೊಳಗೂ ಗೆರೆ ಕಾಣುತ್ತದೆ. ಆಮೇಲೆ ಒಂದೋ ಎರಡೋ ಕಡೆ ಕೈ ಹಾಕಿ. ಕೊನೇ ಅಕ್ಷರದ ದೀರ್ಘವನ್ನು ಸ್ವಲ್ಪ ಎಳೆಯಿರಿ, ಮೊದಲ ಅಕ್ಷರದ ತಲೆಕಟ್ಟಿಗೆ ಒಂದು ಸುರುಳಿ ಕೊಡಿ. ಅಷ್ಟರಿಂದಲೇ ಅದು ನಿಮ್ಮದಾಗುತ್ತದೆ. ಶೇಡನ್ನು ಅಕ್ಷರದ ದಪ್ಪದ ಅರ್ಧಕ್ಕಿಂತ ಜಾಸ್ತಿ ಎಳೆಯಬೇಡಿ. ಶೇಡು ಉದ್ದವಾದಷ್ಟೂ ಒತ್ತಕ್ಷರ ಅದರಲ್ಲಿ ಹೂತುಹೋಗುತ್ತದೆ.

ಡಿಟಿಪಿ ಅಂಗಡಿಯ ಹಳೇ ಫಾಂಟ್

ನುಡಿ, ಶ್ರೀಲಿಪಿ ಕಾಲದ ಸ್ಟೈಲ್ ಫಾಂಟ್‌ಗಳು ಪ್ರತಿ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲೂ ಇವೆ. ಒಳಗೆರೆಯವು, ಬಳ್ಳಿ ಬಿಟ್ಟವು, ಓರೆಯವು, ಹೀಗೆ ಅಲಂಕಾರದ ಬಗೆಗಳು ಮೇಲೆ ಹೇಳಿದ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಒಂದೇ ಥರ ಓದಲು ಬರುವ) ಫಾಂಟ್‌ಗಳಿಗಿಂತ ಇಲ್ಲೇ ಜಾಸ್ತಿ. ಕೆಲವು ನಿಜವಾಗಿಯೂ ಚಂದ ಇವೆ. 1990ರ ದಶಕದ ಮದುವೆ ಕಾಗದದ ರುಚಿ ಬೇಕಾದವರಿಗೆ ಇವು ಸರಿ.

ತೊಂದರೆ ಎರಡು. ಈ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. 'ಕೋ' ತರಹದ ಅಕ್ಷರ ತುಂಡು ತುಂಡಾಗಿ ಕೂತಿರುತ್ತದೆ. ನಡುವೆ ಸ್ವಲ್ಪ ಜಾಗ ಬಿಡಿಸಲು ಹೋದರೆ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ. ಎರಡನೆಯದು ಲೈಸೆನ್ಸ್. ದುಡ್ಡು ಕೊಟ್ಟು ಕೊಳ್ಳಬೇಕಾದ ಫಾಂಟ್‌ಗಳ ಕದ್ದ ಪ್ರತಿಗಳೂ ಓಡಾಡುತ್ತವೆ. ಊರಿನ ಒಂದು ಬೋರ್ಡಿಗೆ ಯಾರೂ ಕೇಳದೆ ಇರಬಹುದು. ನಿಮ್ಮ ಉಪ್ಪಿನಕಾಯಿ ಬೆಂಗಳೂರಿನ ಮಾಲ್‌ಗೆ ಹೋಗುತ್ತದೆ ಅಂದರೆ ಈ ದಾರಿ ಬೇಡ. ಒಂದು ದಿನದ ಪೋಸ್ಟರಿಗೆ, ಊರಿನ ಕಾರ್ಯಕ್ರಮಕ್ಕೆ ಅಂಗಡಿಯವರು ಕೊಂಡ ಫಾಂಟ್ ಇದ್ದರೆ ಧಾರಾಳ ಬಳಸಿ.

ಇಂಗ್ಲಿಷಿಗೆ ಅಲಂಕಾರ, ಕನ್ನಡ ಸಾದಾ

ಹೊರಗಿನಿಂದ ಬರುವ ಗಿರಾಕಿಗಳನ್ನೇ ನಂಬಿದ ಹೋಮ್‌ಸ್ಟೇ, ಕೆಫೆಗಳವರು ಇದನ್ನೇ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಹಳೇ ಫಾಂಟ್‌ಗಳಿಗೆ ಲೆಕ್ಕವಿಲ್ಲ. ಆದರೆ ಅಲ್ಲಿ 'ಹಳೇದು' ಅನ್ನುವುದಕ್ಕೆ ನಾನಾ ಕಾಲಗಳಿವೆ. ರೋಸ್‌ವುಡ್ ಹತ್ತೊಂಬತ್ತನೇ ಶತಮಾನದ ಸರ್ಕಸ್ ಪೋಸ್ಟರಿನ ಜಾತಿಯದ್ದು. ಬ್ರಾಡ್‌ವೇ 1920ರ ದಶಕದ ಸಿನಿಮಾ ಥಿಯೇಟರಿನದ್ದು. ಕೂಪರ್ ಬ್ಲ್ಯಾಕ್ ಕೂಡ ಹುಟ್ಟಿದ್ದು 1922ರಲ್ಲಿ, ಆದರೆ ನೋಡಿದವರಿಗೆ ಈಗ 70ರ ದಶಕ ನೆನಪಾಗುತ್ತದೆ. ರೈ ತರಹದ ಫಾಂಟ್ ಹಾಕಿದರೆ ಅಮೆರಿಕದ ಕೌಬಾಯ್ ಊರು. ಓಂ ಬೀಚಿನ ದಾರಿಯಲ್ಲಿ ಕೌಬಾಯ್ ಯಾಕೆ ಬಂದ ಎಂದು ಯಾರೂ ಕೇಳುವುದಿಲ್ಲ ನಿಜ. ನೀವೇ ಕೇಳಿಕೊಳ್ಳಬೇಕು.

ದೇವನಾಗರಿಯ ತಲೆಗೆರೆ ಹಾಕಿ ಇಂಗ್ಲಿಷ್ ಬರೆಯುವ ಸಮರ್ಕನ್ ತರಹದ ಫಾಂಟ್ ನನಗಂತೂ ಬೇಡ. ವಿದೇಶದ ಇಂಡಿಯನ್ ಹೋಟೆಲಿನ ಮೆನು ನೆನಪಾಗುತ್ತದೆ. ಪಕ್ಕದಲ್ಲೇ ನಿಜವಾದ ಕನ್ನಡ ಇರುವಾಗ ಆ ವೇಷ ಯಾಕೆ?

ಈ ದಾರಿ ಹಿಡಿಯುವುದಾದರೆ ಎರಡು ಅಕ್ಷರಗಳ ಜೋಡಿ ನೋಡಿ ಹೊಂದಿಸಿ. ಕೂಪರ್ ಬ್ಲ್ಯಾಕ್‌ನ ಉಬ್ಬಿದ ಮೈಗೆ ಬಾಲೂ ತಮ್ಮ ಚೆನ್ನಾಗಿ ಜೊತೆಯಾಗುತ್ತದೆ. ದಪ್ಪ ಸಣ್ಣ ಗೆರೆಗಳ ವ್ಯತ್ಯಾಸ ಜೋರಾಗಿರುವ ಏಬ್ರಿಲ್ ಫ್ಯಾಟ್‌ಫೇಸ್‌ಗೆ ಟಿರೋ ಕನ್ನಡ. ಒಂದೇ ಹಲಗೆಯಲ್ಲಿ ಎರಡೂ ಭಾಷೆಗೆ ಎರಡು ಬಗೆಯ ಅಲಂಕಾರ ಮಾಡಬೇಡಿ. ಮತ್ತೆ ಶೇ. 60ರ ನಿಯಮ ಇರುವುದರಿಂದ ದೊಡ್ಡದಾಗಿ ಕಾಣುವುದು ಕನ್ನಡವೇ. ಸಾದಾ ಕನ್ನಡ ಮೇಲೆ, ಸಿಂಗಾರದ ಇಂಗ್ಲಿಷ್ ಕೆಳಗೆ ಬಂದಾಗ ಬೋರ್ಡು ತಲೆಕೆಳಗಾದ ಹಾಗೆ ಕಾಣುತ್ತದೆ. ಈ ಕಾರಣಕ್ಕೇ ಬೋರ್ಡಿಗೆ ಈ ಆಯ್ಕೆಯನ್ನು ನಾನು ಹೇಳುವುದಿಲ್ಲ. ಮೆನು ಕಾರ್ಡು, ಟೀ ಶರ್ಟು, ಇನ್‌ಸ್ಟಾಗ್ರಾಂಗೆ ಪರವಾಗಿಲ್ಲ.

ಪೇಂಟರ್ ಕೈಬರಹ

ಫ್ಲೆಕ್ಸ್ ಬರುವ ಮೊದಲು ಊರಿನ ಬೋರ್ಡೆಲ್ಲ ಆರ್ಟಿಸ್ಟ್‌ಗಳ ಕೈಯಲ್ಲೇ ಆಗುತ್ತಿದ್ದದ್ದು. ಫ್ಲೆಕ್ಸ್ ಬಂದ ಮೇಲೆ ಹಲವರು ಮನೆಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋದರು. ಆದರೂ ಪೂರ್ತಿ ನಿಂತಿಲ್ಲ. ಬೈತಖೋಲ, ತದಡಿಯಂತಹ ಮೀನುಗಾರಿಕೆ ಬಂದರುಗಳಲ್ಲಿ ಬೋಟುಗಳ ಮೂತಿ ನೋಡಿ. ದೇವರ ಹೆಸರು, ಹಳದಿ ಅಕ್ಷರ, ಕೆಂಪು ಶೇಡು, ಅಂಚಿಗೆ ಬಿಳಿ ಗೆರೆ. ಹಳೇ ಕಾಲದ ಅಕ್ಷರ ಹುಡುಕಿಕೊಂಡು ಇಂಟರ್ನೆಟ್ಟಿಗೆ ಹೋಗುವ ಮೊದಲು ಒಂದು ಸಂಜೆ ಅಲ್ಲಿ ಹೋಗಿ ಫೋಟೋ ತೆಗೆದುಕೊಂಡು ಬನ್ನಿ. ಶಿರಸಿ, ಸಿದ್ದಾಪುರ ಕಡೆಯವರು ಹಳೇ ಮನೆಗಳ ಮುಂಭಾಗದಲ್ಲಿ ಗಾರೆಯಲ್ಲಿ ಎಬ್ಬಿಸಿದ ಹೆಸರು, ಇಸವಿ ನೋಡಿ. ನಮ್ಮ ಹಳೇದು ಇದೇ ಅಲ್ವಾ?

ಪೇಂಟರ್ ಕೆಲಸವನ್ನು ಹತ್ತಿರದಿಂದ ನೋಡಿದರೆ ಫಾಂಟಿಗೂ ಕೈಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ದಾರಕ್ಕೆ ಸೀಮೆಸುಣ್ಣದ ಪುಡಿ ಬಳಿದು, ಎರಡು ತುದಿ ಹಿಡಿದು ಎಳೆದು ಬಿಡುತ್ತಾರೆ. ಹಲಗೆ ಮೇಲೆ ನೇರ ಗೆರೆ ಬೀಳುತ್ತದೆ. 'ಗೋಕರ್ಣ' ಬರೆಯಬೇಕು ಅಂದುಕೊಳ್ಳಿ. ಚಪ್ಪಟೆ ಬ್ರಷ್ಷಿನಲ್ಲಿ ತಲೆಕಟ್ಟು ಎಳೆದು ಕೊನೆಯಲ್ಲಿ ಬ್ರಷ್ಷನ್ನು ಸ್ವಲ್ಪ ತಿರುಗಿಸುತ್ತಾರೆ. ತುದಿ ಚೂಪಾಗಿ ಮೇಲೆ ಏಳುತ್ತದೆ. 'ಗೋ'ದ ದೀರ್ಘ 'ಕ'ಕ್ಕೆ ತಾಗುವ ಹಾಗಿದೆ ಅನ್ನಿಸಿದರೆ ಅಲ್ಲೇ ಚೂರು ಮೋಟು ಮಾಡುತ್ತಾರೆ. 'ಣ'ದ ಪಕ್ಕದ ಅರ್ಕಾವತ್ತಿಗೆ ಬೋರ್ಡಿನ ಅಂಚು ಹತ್ತಿರ ಬಂತು ಅಂದರೆ ಅದನ್ನು ಮೇಲಕ್ಕೆ ಎತ್ತಿ ಬಾಲ ಮಡಚುತ್ತಾರೆ. ಫಾಂಟಿನಲ್ಲಿ ಒಂದು ಅಕ್ಷರ ಎಲ್ಲ ಹೆಸರಿನಲ್ಲೂ ಒಂದೇ ಅಳತೆ. ಪೇಂಟರ್ ಪ್ರತಿ ಹೆಸರಿಗೂ ಹೊಸ ಅಳತೆ ಮಾಡುತ್ತಾರೆ. ಒತ್ತಕ್ಷರ ತುಂಬಿದ ಹೆಸರಿಗೆ ಕೈಬರಹವೇ ಸರಿ ಎಂದು ನಾನು ಹೇಳುವುದು ಇದಕ್ಕೇ.

ಬಾಳಿಕೆಯಲ್ಲೂ ಇದು ಮುಂದು. ಪ್ರೈಮರ್ ಸರಿಯಾಗಿ ಹಾಕಿ ಎನಾಮೆಲ್ ಬಣ್ಣದಲ್ಲಿ ಬರೆದದ್ದು ಮಾಸಿದರೆ ಅದರ ಮೇಲೇ ಇನ್ನೊಂದು ಕೈ ಬರೆಸಬಹುದು. ಫ್ಲೆಕ್ಸ್ ಹರಿದರೆ ಎಸೆಯುವುದೇ. ಅದೂ ಅಲ್ಲದೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ, ಪಾಲನೆ ಹೇಗಿದೆ ಎನ್ನುವುದು ಬೇರೆ ಮಾತು.

ಕಷ್ಟ ಎಂದರೆ ಪೇಂಟರ್ ಸಿಗುವುದು, ಅದರಲ್ಲೂ ಒಳ್ಳೆಯ ಕೈ ಸಿಗುವುದು. ಬರೆದದ್ದು ಒಂದೇ ಕಡೆ ಇರುತ್ತದೆ, ಬಿಲ್ ಪುಸ್ತಕಕ್ಕೆ ಬರುವುದಿಲ್ಲ. ಸಮಯವೂ ಬೇಕು. ಮಳೆಗಾಲದಲ್ಲಿ ಹೊರಗೆ ಬಣ್ಣ ಒಣಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುತ್ತದೆ. ಆಗ ಬೋಟುಗಳ ರಿಪೇರಿ, ಬಣ್ಣದ ಕೆಲಸ. ಬೋಟಿಗೆ ಬರೆಯುವವರೇ ಬೇಕಾದರೆ ಮೊದಲೇ ಮಾತಾಡಿ, ಏಪ್ರಿಲ್ ಒಳಗೆ ಬೋರ್ಡು ಮುಗಿಸಿಕೊಳ್ಳಿ.

ಹೊಸದಾಗಿ ಬರೆಸುವುದು, ಮತ್ತು ನಡುವಿನ ದಾರಿ

ಅಕ್ಷರ ವಿನ್ಯಾಸ ಮಾಡುವವರ ಹತ್ತಿರ ನಿಮ್ಮ ಹೆಸರನ್ನಷ್ಟೇ ಹೊಸದಾಗಿ ಬರೆಸಿಕೊಳ್ಳಬಹುದು. ಎಲ್ಲಕ್ಕಿಂತ ದುಬಾರಿ ಇದೇ. ಎರಡು ಮೂರು ಸಲ ತಿದ್ದುವುದು, ವಾರಗಟ್ಟಲೆ ಕಾಯುವುದು ಇರುತ್ತದೆ. ಹತ್ತು ಕಡೆ ಶಾಖೆ ತೆರೆಯುವ, ಪ್ಯಾಕೆಟ್ ಮೇಲೆ ಹೆಸರು ಹಾಕಿ ಮಾರುವ ವ್ಯಾಪಾರಕ್ಕೆ ಈ ಖರ್ಚು ಹೊರೆ ಅಲ್ಲ. ಒಂದೇ ಅಂಗಡಿಗೆ ಜಾಸ್ತಿಯಾಯಿತು.

ಅಂಥವರಿಗೆ ನಡುವಿನ ದಾರಿ ಇದೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಮುಕ್ಕಾಲು ಪಾಲು ಅಂಗಡಿ, ಹೋಟೆಲು, ಹೋಮ್‌ಸ್ಟೇಗಳಿಗೆ ಇದೇ ಸರಿ. ಊರಿನ ಪೇಂಟರ್ ಹತ್ತಿರ ಹೆಸರನ್ನು ದಪ್ಪ ಬಿಳಿ ಕಾಗದದ ಮೇಲೆ ಕಪ್ಪು ಬಣ್ಣದಲ್ಲಿ, ಶೇಡಿಲ್ಲದೆ, ಎರಡು ಮೂರು ಬಗೆಯಲ್ಲಿ ಬರೆಸಿ. ಚೆನ್ನಾಗಿ ಬಂದದ್ದನ್ನು ಸ್ಕ್ಯಾನ್ ಮಾಡಿಸಿ. ಕೋರೆಲ್ ಸಾಫ್ಟ್‌ವೇರ್ ಗೊತ್ತಿರುವ ಡಿಟಿಪಿಯವರು ಅದನ್ನು ಟ್ರೇಸ್ ಮಾಡಿ ವೆಕ್ಟರ್ ಫೈಲ್ (ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಫೈಲ್) ಮಾಡಿಕೊಡುತ್ತಾರೆ. ಅಲ್ಲಿಗೆ ಬೋರ್ಡಿಗೂ ಅದೇ, ಬಿಲ್ಲಿಗೂ ಅದೇ. ಶೇಡು, ಬಣ್ಣ ಬೇಕಾದಲ್ಲಿ ಬೇಕಾದಷ್ಟು ಆಮೇಲೆ ಸೇರಿಸಬಹುದು. ಹೆಸರು ಬಿಟ್ಟು ಉಳಿದ ವಿವರಗಳಿಗೆಲ್ಲ ಪುಕ್ಕಟೆಯ ಸಾದಾ ಫಾಂಟ್ ಸಾಕು. ಹನೀಫ್ ಕುರೇಶಿ ಎನ್ನುವ ಕಲಾವಿದರು ಬೀದಿ ಪೇಂಟರ್‌ಗಳ ಬರಹವನ್ನು ಫಾಂಟ್ ಆಗಿ ಉಳಿಸುವ ಕೆಲಸ ಮಾಡಿದ್ದರು, ಪೇಂಟರ್‌ಗಳ ಹೆಸರನ್ನೇ ಫಾಂಟಿಗೂ ಇಟ್ಟರು. ನಿಮಗೆ ಪೂರ್ತಿ ಫಾಂಟ್ ಬೇಕಿಲ್ಲ, ನಿಮ್ಮ ಹೆಸರಿನ ನಾಲ್ಕೈದು ಅಕ್ಷರ ಸಾಕು.

ಒಂದು ಮಾತು. ಪೇಂಟರ್‌ಗೆ ಬೋರ್ಡಿನ ಕೂಲಿ ಕೊಟ್ಟು ಲೋಗೋ ಮಾಡಿಕೊಳ್ಳಬೇಡಿ. ಎಲ್ಲ ಕಡೆ ಬಳಸುತ್ತೇನೆ ಎಂದು ಮೊದಲೇ ಹೇಳಿ, ಅದಕ್ಕೆ ತಕ್ಕ ದುಡ್ಡು ಕೊಟ್ಟು, ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಇಬ್ಬರಿಗೂ ಒಳ್ಳೆಯದು.

ಯಾವುದರ ಮೇಲೆ

ಅಕ್ಷರ ಆರಿಸಿದ ಮೇಲೂ ಸಾಮಗ್ರಿ ಅದನ್ನು ಕೆಡಿಸಬಹುದು. ಸ್ಟಿಕರ್ ಕಟಿಂಗ್‌ನಲ್ಲಿ ಸಣ್ಣ ಗೆರೆ ಮೊದಲು ಏಳುತ್ತದೆ. ಟಿರೋ ತರಹದ ಸಪೂರ ಗೆರೆಯ ಅಕ್ಷರ ಅಲ್ಲಿ ಬೇಡ, ದಪ್ಪ ಫಾಂಟ್ ಇರಲಿ. ಎಸಿಪಿ (ಅಲ್ಯೂಮಿನಿಯಂ ಪದರದ ಹಲಗೆ), ಅಕ್ರಿಲಿಕ್, ಮರವನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆಸುವಾಗ 3 ಮಿ.ಮೀ. ಬಿಟ್ (ಕೊರೆಯುವ ಮೊನೆ) ಹಾಕಿದರೆ 3 ಮಿ.ಮೀ.ಗಿಂತ ಕಿರಿದಾದ ಸಂದಿ ಬರುವುದಿಲ್ಲ. ಮಹಾಪ್ರಾಣದ ಸೀಳು ಅದಕ್ಕಿಂತ ಅಗಲ ಇದೆಯೇ ನೋಡಿಕೊಳ್ಳಿ. ಒಳಗಿನ ಮೂಲೆಗಳೆಲ್ಲ ಉರುಟಾಗುತ್ತವೆ, ಅದಕ್ಕೆ ಬಾಲೂ ತರಹದ್ದೇ ವಾಸಿ.

ಸಮುದ್ರದ ಹತ್ತಿರ ಕಬ್ಬಿಣದ ಸ್ಕ್ರೂ ಬೇಡ. ಬೋರ್ಡು ಗಟ್ಟಿಯಾಗಿದ್ದರೂ ಸ್ಕ್ರೂವಿನಿಂದ ಇಳಿದ ತುಕ್ಕಿನ ಗೆರೆ ಅಕ್ಷರದ ಮೇಲೆಲ್ಲ ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ 304 ಗ್ರೇಡಿಗಿಂತ 316 ಗ್ರೇಡು ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಘಟ್ಟದ ಮೇಲೆ ಕೆತ್ತಿದ ಮರದ ಬೋರ್ಡು ಚಂದ, ಆದರೆ ಕೆತ್ತಿದ ಗುಂಡಿಯಲ್ಲಿ ನೀರು ನಿಂತು ಹಾವಸೆ ಕಟ್ಟುತ್ತದೆ. ಮಾಡಿನ ಕೆಳಗೆ ತೂಗುಹಾಕುವುದಾದರೆ ಮಾತ್ರ ಮಾಡಿಸಿ.

'ಸವೆದ ಹಾಗೆ' ಕಾಣುವ ಎಫೆಕ್ಟ್ ಕೇಳುವವರೂ ಇದ್ದಾರೆ. ಬಣ್ಣ ಕೆತ್ತಿಹೋದ ಹಾಗೆ, ಅಂಚು ತಿಂದ ಹಾಗೆ. ಹೊರಗಿನ ಬೋರ್ಡಿಗೆ ಅದಕ್ಕೆ ದುಡ್ಡು ಹಾಕಬೇಡಿ. ಎರಡು ಮಳೆಗಾಲ ಕಳೆದರೆ ಅರಬ್ಬೀ ಸಮುದ್ರವೇ ಪುಕ್ಕಟೆ ಮಾಡಿಕೊಡುತ್ತದೆ. ಬಣ್ಣದಲ್ಲಿ ಹಳೇತನ ತರುವುದು ಇದಕ್ಕಿಂತ ಒಳ್ಳೆಯದು. ಕರಾವಳಿಯ ಹಳೇ ದೇವಸ್ಥಾನಗಳಲ್ಲಿ ಕಾವಿ ಕಲೆ ಇದೆಯಲ್ಲ, ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಪದರ ಕೊಟ್ಟು, ಅದನ್ನು ಕೆರೆದು ಬಿಳಿ ತೋರಿಸುವುದು. ಆ ಕಾವಿ ಕೆಂಪು, ಸುಣ್ಣದ ಬಿಳಿ ಎರಡೇ ಬಣ್ಣ ಸಾಕು. ಸಾದಾ ಫಾಂಟ್ ಕೂಡ ಇಲ್ಲಿಯದ್ದೇ ಅನ್ನಿಸುತ್ತದೆ.

ಯಾರಿಗೆ ಯಾವುದು

ಹೆದ್ದಾರಿ ಬದಿಯ ಮೀನೂಟದ ಹೋಟೆಲಿಗೆ ದೂರದಿಂದ ಕಾಣುವುದೇ ಮುಖ್ಯ. ಬಾಲೂ ತಮ್ಮ ಅಥವಾ ಅನೇಕ್‌ನ ದಪ್ಪ ಅಕ್ಷರ, ಒಂದು ಶೇಡು, ಎರಡು ಬಣ್ಣ. ಒಳಗಿನ ಗೋಡೆಗೆ ಇವತ್ತಿನ ಮೀನು ಯಾವುದು ಎಂದು ಪೇಂಟರ್ ಕೈಯಲ್ಲಿ ಬರೆಸಿ, ಹಳೇ ರುಚಿ ಅಲ್ಲಿ ಬರಲಿ.

ಹೋಮ್‌ಸ್ಟೇಗೆ ಗಿರಾಕಿ ಮ್ಯಾಪ್ ನೋಡಿಕೊಂಡೇ ಬರುತ್ತಾನೆ. ಬೋರ್ಡು ಗೇಟಿನ ಹತ್ತಿರ, ನಡೆದು ಬಂದು ಓದುವಂಥದ್ದು. ಅಲಂಕಾರಕ್ಕೆ ಧಾರಾಳ ಜಾಗ ಇದೆ. ನಡುವಿನ ದಾರಿ ಹಿಡಿಯಿರಿ, ಅದೇ ಬರಹ ಇನ್‌ಸ್ಟಾಗ್ರಾಂಗೂ ಆಗುತ್ತದೆ.

ಉಪ್ಪಿನಕಾಯಿ, ಜೇನು, ತೊಡದೇವು ಲೇಬಲ್ ಮಾಡುವವರಿಗೆ ಜಾಗದ ಕಷ್ಟ. ಆಹಾರ ಸುರಕ್ಷತೆಯ ನಿಯಮದಂತೆ ಪದಾರ್ಥಗಳು, ತೂಕ, ದಿನಾಂಕ ಇತ್ಯಾದಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜೊತೆಗೆ. ಅಷ್ಟೆಲ್ಲ ಸಣ್ಣ ಅಕ್ಷರ ಇರುವಾಗ ಹೆಸರೊಂದಕ್ಕೆ ಮಾತ್ರ ಅಲಂಕಾರ. ಟಿರೋ ಕನ್ನಡದಲ್ಲಿ ಶುರು ಮಾಡಿ, ವ್ಯಾಪಾರ ಕುದುರಿದ ಮೇಲೆ ಹೊಸದಾಗಿ ಬರೆಸಿ. ಗಾಢ ಬಣ್ಣದ ಮೇಲೆ ಬಿಳಿ ಸಪೂರ ಗೆರೆ ಮಾತ್ರ ಬೇಡ, ಅಚ್ಚಿನಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತದೆ.

ಯಕ್ಷಗಾನ, ಜಾತ್ರೆ, ನಾಟಕದ ಪೋಸ್ಟರಿಗೆ ಎಲ್ಲ ಆಟ ಆಡಿ. ಒಂದು ವಾರ ಇರುವ ಕಾಗದ ಅದು. ಪ್ರಸಂಗದ ಹೆಸರಿಗೆ ಅಲಂಕಾರ, ಕಲಾವಿದರ ಹೆಸರಿಗೆ ಸಾದಾ, ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಆರ್ಡರ್ ಕೊಡುವ ಮೊದಲು ಹೆಸರನ್ನು ನಿಜವಾದ ಅಳತೆಯಲ್ಲಿ ಕಪ್ಪು ಬಿಳುಪಿನಲ್ಲಿ ಕಾಗದದ ಮೇಲೆ ತೆಗೆಸಿ, ತುಂಡು ತುಂಡಾಗಿ ಬಂದರೂ ಅಂಟಿಸಿ, ಬೋರ್ಡು ಬರುವ ಜಾಗದಲ್ಲೇ ತೂಗುಹಾಕಿ. ಹೆಸರು ಗೊತ್ತಿಲ್ಲದ ಯಾರನ್ನಾದರೂ ರಸ್ತೆಯ ಆಚೆ ಬದಿಯಿಂದ ಓದಲು ಹೇಳಿ. ಅವರು ತಡವರಿಸಿದ ಅಕ್ಷರಕ್ಕೆ ಅಲಂಕಾರ ಕಮ್ಮಿ ಮಾಡಿ. ಕೆಲಸ ಮುಗಿದ ಮೇಲೆ ಕರ್ವ್ಸ್ ಮಾಡಿದ ಫೈಲು ಒಂದು, ಟೈಪ್ ಮಾಡಿದ ಮೂಲ ಫೈಲು ಒಂದು, ಫಾಂಟಿನ ಹೆಸರು, ಬಣ್ಣದ ನಂಬರು, ಇಷ್ಟನ್ನೂ ಕೇಳಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಮುಂದಿನ ಸಲ ಬೇರೆ ಅಂಗಡಿಗೆ ಹೋದರೂ ಅದೇ ಅಕ್ಷರ ಬರುತ್ತದೆ.